ಮನೆ ಕಂದಾಯದ ರಸೀದಿಯಲ್ಲಿ ಯಾರ ಹೆಸರಿದೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ಹಿರಿಯರು. ಕಟ್ಟಿದ ಮನೆಯನ್ನು ಉಳಿಸಿಕೊಂಡು ನೋಡು ಎಂಬ ಇನ್ನೊಂದು ಮಾತನ್ನೂ ಅವರು ಸೇರಿಸಬಹುದಿತ್ತು. ಮನೆ ಕಟ್ಟುವಾಗ ಮೇಸ್ತ್ರಿಯ ಲೆಕ್ಕ, ಸಿಮೆಂಟಿನ ಲೆಕ್ಕ, ಮರದ ಲೆಕ್ಕ ಎಲ್ಲವೂ ಮನೆಯ ಹೆಂಗಸರಿಗೆ ಗೊತ್ತಿರುತ್ತದೆ. ಒಡವೆ ಅಡವಿಟ್ಟವರು, ಚೀಟಿ ಹಣ ಕೂಡಿಟ್ಟವರು ಅವರೇ ತಾನೆ? ಆದರೆ ಗೃಹಪ್ರವೇಶ ಮುಗಿದ ಮೇಲೆ ಮನೆಯ ಕಾಗದಪತ್ರಗಳು ಬೀರುವಿನ ಒಳಖಾನೆ ಸೇರುತ್ತವೆ. ಕಂದಾಯ ಕಟ್ಟುವುದು ಗಂಡಸರ ಕೆಲಸವಾಗುತ್ತದೆ. ಹಾಲು, ಗ್ಯಾಸು, ಕರೆಂಟು, ಮಕ್ಕಳ ಫೀಸು ಎಲ್ಲದರ ತಾರೀಖು ಬಾಯಿಪಾಠ ಇರುವ ಗೃಹಿಣಿಗೆ ತಾನಿರುವ ಮನೆಯ ಕಂದಾಯ ಎಷ್ಟು, ಅದು ಯಾರ ಹೆಸರಿನಲ್ಲಿ ಹೋಗುತ್ತಿದೆ ಎಂಬುದು ಗೊತ್ತಿರುವುದಿಲ್ಲ.

ಗೊತ್ತಾಗುವುದು ಸಾಮಾನ್ಯವಾಗಿ ಕಷ್ಟ ಬಂದಾಗಲೇ. ಯಜಮಾನರು ತೀರಿಕೊಂಡಿರುತ್ತಾರೆ. ಮಗಳ ಓದಿಗೋ ಮದುವೆಗೋ ಬ್ಯಾಂಕಿನಲ್ಲಿ ಸಾಲ ಬೇಕಾಗುತ್ತದೆ. ಕಚೇರಿಯ ಕಿಟಕಿಯಲ್ಲಿ ನಿಂತಾಗ ಇಂಥ ಮಾತು ನಡೆಯುತ್ತದೆ:

“ಅಮ್ಮಾ, ಖಾತೆ ಯಾರ ಹೆಸರಲ್ಲಿದೆ?”

“ನಮ್ಮ ಮನೆಯವರ ಹೆಸರಲ್ಲೇ ಇರಬೇಕು ಸಾರ್.”

“ಇಲ್ಲಮ್ಮ, ಇದು ಅವರ ತಂದೆ ಹೆಸರಲ್ಲೇ ಇದೆ. ಐದು ವರ್ಷದ ಕಂದಾಯನೂ ಬಾಕಿ ಇದೆ.”

ಅಜ್ಜನ ಹೆಸರಿನ ಖಾತೆ, ತೀರಿಹೋದ ತಂದೆ, ಬದುಕಿರುವ ಚಿಕ್ಕಪ್ಪಂದಿರು, ಅತ್ತೆಯಂದಿರು. ಒಂದು ಸಣ್ಣ ರಸೀದಿಯಿಂದ ಆರಂಭವಾದ ತೊಡಕು ಎರಡು ತಲೆಮಾರಿನ ಹಕ್ಕುಗಳ ತನಕ ಹೋಗಿ ನಿಲ್ಲುತ್ತದೆ. ಆದ್ದರಿಂದ ಮನೆ ಕಂದಾಯವೆಂದರೇನು, ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ, ಖಾತೆಗೂ ಹಕ್ಕಿಗೂ ಏನು ವ್ಯತ್ಯಾಸ ಎಂಬುದನ್ನು ಮನೆಯೊಡತಿ ತಿಳಿದಿರಬೇಕು. ಇದಕ್ಕೆ ವಕೀಲಿ ಓದಬೇಕಾಗಿಲ್ಲ. ಒಂದು ಮಧ್ಯಾಹ್ನದ ಬಿಡುವು ಸಾಕು.

ಯಾರಿಗೆ ಕಟ್ಟಬೇಕು?

ತುಮಕೂರು ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ತುಮಕೂರು ನಗರದಲ್ಲಿ ಮನೆಯಿದ್ದರೆ ಕಂದಾಯ ಮಹಾನಗರ ಪಾಲಿಕೆಗೆ. ಕುಣಿಗಲ್ ಪಟ್ಟಣದಲ್ಲಿದ್ದರೆ ಪುರಸಭೆಗೆ. ಗುಬ್ಬಿಯಲ್ಲಿದ್ದರೆ ಪಟ್ಟಣ ಪಂಚಾಯಿತಿಗೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಗೆ. ಪಾಲಿಕೆಗಳು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳು 1964ರ ಪೌರಸಭೆಗಳ ಕಾಯ್ದೆಯಂತೆ, ಗ್ರಾಮ ಪಂಚಾಯಿತಿಗಳು 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ತೆರಿಗೆ ಹಾಕುತ್ತವೆ. ಅಕ್ಕತಂಗಿಯರು ಒಬ್ಬರು ಗುಬ್ಬಿಯಲ್ಲಿ, ಇನ್ನೊಬ್ಬರು ತುಮಕೂರಿನಲ್ಲಿ ಒಂದೇ ಅಳತೆಯ ಮನೆ ಕಟ್ಟಿಕೊಂಡಿದ್ದರೂ ಕಂದಾಯ ಒಂದೇ ಆಗಿರಬೇಕೆಂದಿಲ್ಲ. ಕಚೇರಿ ಬೇರೆ, ದರ ಬೇರೆ.

ನಗರದ ಅಂಚಿನ ಊರುಗಳಲ್ಲಿ ವಿಷಯ ಇನ್ನಷ್ಟು ಸೂಕ್ಷ್ಮ. ಸತ್ಯಮಂಗಲವನ್ನೇ ನೋಡಿ. ಹಳ್ಳಿಯ ಹೆಸರನ್ನು ಉಳಿಸಿಕೊಂಡೇ ಅದು ಇಂದು ತುಮಕೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಒಂದಾಗಿದೆ. ಹೀಗೆ ಹಳ್ಳಿ ನಗರಕ್ಕೆ ಸೇರಿಕೊಂಡ ಕಡೆಗಳಲ್ಲೆಲ್ಲ ಒಂದೇ ಬೀದಿಯಲ್ಲಿ ಮೂರು ಬಗೆಯ ಮನೆಗಳಿರುವುದುಂಟು. ಒಂದು, ಹಳೆಯ ಗ್ರಾಮಠಾಣಾದ ಮನೆ. ಇನ್ನೊಂದು, ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಪಡೆದ ಬಡಾವಣೆಯ ಮನೆ. ಮತ್ತೊಂದು, ಹೊಲವನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಸೈಟಿನ ಮನೆ. ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ. ಕಾಗದದಲ್ಲಿ ಮಾತ್ರ ಮೂರಕ್ಕೂ ಬೇರೆ ಬೇರೆ ಚರಿತ್ರೆ. ಹಿಂದೆ ಪಂಚಾಯಿತಿಯಲ್ಲಿ ಕಂದಾಯ ಕಟ್ಟಿದ ರಸೀದಿಗಳು ನಿಮ್ಮಲ್ಲಿದ್ದರೆ ಅವನ್ನು ಹಳೇ ಕಾಗದವೆಂದು ಎಸೆಯಬೇಡಿ. ಊರು ನಗರಕ್ಕೆ ಸೇರಿದ ಮೇಲೆ ಹೊಸ ವಹಿಯಲ್ಲಿ ನಿಮ್ಮ ಮನೆ ಬಿಟ್ಟುಹೋಗಿದ್ದರೆ ಅವೇ ನಿಮ್ಮ ನೆರವಿಗೆ ಬರುತ್ತವೆ.

ಈ ಹಣ ಎಲ್ಲಿಗೆ ಹೋಗುತ್ತದೆ?

ಆದಾಯ ತೆರಿಗೆ ದೆಹಲಿಗೆ ಹೋಗುತ್ತದೆ. ಮನೆ ಕಂದಾಯ ಹಾಗಲ್ಲ. ಅದು ನಮ್ಮೂರಿನ ಸ್ಥಳೀಯ ಸಂಸ್ಥೆಯ ಸ್ವಂತ ಆದಾಯ. 1992ರ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಂವಿಧಾನದ ಮಾನ್ಯತೆ ಕೊಟ್ಟ ಮೇಲೆ ಈ ಆದಾಯದ ಮಹತ್ವ ಇನ್ನೂ ಹೆಚ್ಚಿತು. ಬೀದಿದೀಪ, ಚರಂಡಿ, ಕಸ ಗುಡಿಸುವುದು, ಗಲ್ಲಿಯ ಕಾಂಕ್ರೀಟು, ಇವಕ್ಕೆಲ್ಲ ಪಾಲಿಕೆ ತನ್ನ ಕೈಯಿಂದ ಹಾಕಬೇಕಾದ ಹಣದಲ್ಲಿ ಮುಖ್ಯವಾದುದು ಇದೇ.

ನೀರಿನ ಬಿಲ್ಲು ಇದರಲ್ಲಿ ಸೇರಿಲ್ಲ ಎಂಬುದನ್ನು ನೆನಪಿಡಿ. ಹೇಮಾವತಿಯ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ತುಮಕೂರಿನ ನಲ್ಲಿಗಳಿಗೆ ಬರುತ್ತದಲ್ಲ, ಅದರ ಶುಲ್ಕ ಬೇರೆ. ಕಂದಾಯ ಕಟ್ಟಿದ್ದೇವೆ ಎಂದುಕೊಂಡು ನೀರಿನ ಬಾಕಿ ಬೆಳೆಸಿದವರೂ, ನೀರಿನ ಬಿಲ್ಲು ಕಟ್ಟಿ ಕಂದಾಯ ಮುಗಿಯಿತು ಎಂದುಕೊಂಡವರೂ ಇದ್ದಾರೆ.

ಬೇರೆ ದೇಶಗಳಲ್ಲಿ ಈ ತೆರಿಗೆಯ ಭಾರ ಇನ್ನೂ ಹೆಚ್ಚು. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳನ್ನು ಕೇಳಿ ನೋಡಿ. ಅಲ್ಲಿ ಕೌಂಟಿ ಎಂಬ ಆಡಳಿತ ಘಟಕವಿದೆ, ನಮ್ಮ ಜಿಲ್ಲೆಯಂತೆ. ಅದರ ಅಧಿಕಾರಿ ಮನೆಯ ಬೆಲೆ ಕಟ್ಟುತ್ತಾನೆ. ಆ ಬೆಲೆಯ ಮೇಲೆ ಬರುವ ತೆರಿಗೆಯ ದೊಡ್ಡ ಪಾಲು ಊರಿನ ಸರಕಾರಿ ಶಾಲೆಗಳಿಗೆ ಹೋಗುತ್ತದೆ. ಬೆಲೆ ಹೆಚ್ಚು ಕಟ್ಟಿದ್ದಾರೆ ಎನಿಸಿದರೆ ಮನೆಯವರು ಮೇಲ್ಮನವಿ ಹಾಕಬಹುದು. ವರ್ಷಗಟ್ಟಲೆ ಕಟ್ಟದೆ ಬಿಟ್ಟರೆ ಮನೆಯೇ ಹರಾಜಾಗಬಹುದು. ನಮ್ಮಲ್ಲಿ ಕಂದಾಯದ ಮೊತ್ತ ಅಷ್ಟಿಲ್ಲ. ಆದರೆ ಬಾಕಿಗೆ ಜಪ್ತಿ ಮಾಡುವ ಅಧಿಕಾರ ನಮ್ಮ ಪಾಲಿಕೆಗಳಿಗೂ ಇದೆ.

ಲೆಕ್ಕ ಹೇಗೆ?

ಹಿಂದೆ ಮನೆಗೆ ಎಷ್ಟು ಬಾಡಿಗೆ ಬರಬಹುದೆಂದು ಅಧಿಕಾರಿ ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದ. ಅವನ ಅಂದಾಜೇ ಅಂತಿಮ. 2002–03ರಿಂದ ಬೆಂಗಳೂರಿನ ಹೊರಗಿನ ನಗರ, ಪಟ್ಟಣಗಳಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂತು. ಈಗ ಮನೆಯ ಮಾಲೀಕರೇ ವಿವರ ತುಂಬಿ, ಲೆಕ್ಕ ಹಾಕಿ ಕಟ್ಟಬೇಕು. ಸುಳ್ಳು ವಿವರ ಕೊಟ್ಟಿದ್ದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ, ದಂಡವೂ ಬೀಳುತ್ತದೆ.

ಲೆಕ್ಕದ ತಳಹದಿ ಆಸ್ತಿಯ ಬೆಲೆ. ಇದು ನೆರೆಯವರು ಹೇಳುವ ಬೆಲೆಯಲ್ಲ, ದಲ್ಲಾಳಿ ಹೇಳುವ ಬೆಲೆಯೂ ಅಲ್ಲ. ನೋಂದಣಿ ಮತ್ತು ಮುದ್ರಾಂಕ ಇಲಾಖೆ ಪ್ರತಿಯೊಂದು ಪ್ರದೇಶಕ್ಕೂ ಪ್ರಕಟಿಸುವ ಮಾರ್ಗಸೂಚಿ ಬೆಲೆಯನ್ನು ಇದಕ್ಕೆ ಆಧಾರವಾಗಿ ತೆಗೆದುಕೊಳ್ಳುತ್ತಾರೆ. ನಿವೇಶನದ ಬೆಲೆಗೆ ಕಟ್ಟಡದ ಬೆಲೆ ಸೇರಿಸುತ್ತಾರೆ. ಕಟ್ಟಡ ಹಳೆಯದಾದಷ್ಟೂ ಸವಕಳಿ ಎಂದು ಬೆಲೆಯಲ್ಲಿ ಕಳೆಯುತ್ತಾರೆ. ಹೀಗೆ ಬಂದ ಮೊತ್ತದ ಒಂದು ಭಾಗಕ್ಕೆ ಸ್ಥಳೀಯ ಸಂಸ್ಥೆ ಗೊತ್ತುಪಡಿಸಿದ ದರದಲ್ಲಿ ತೆರಿಗೆ ಬೀಳುತ್ತದೆ.

ಆದ್ದರಿಂದ ಅರ್ಜಿಯ ಕೆಲವು ಅಂಕಣಗಳನ್ನು ನೀವೇ ಕಣ್ಣಾರೆ ನೋಡಬೇಕು. ನಿವೇಶನದ ಅಳತೆ ಕ್ರಯಪತ್ರದಲ್ಲಿ ಇರುವಂತೆಯೇ ಇದೆಯೇ? 30x40 ಸೈಟೆಂದರೆ 1,200 ಚದರ ಅಡಿ. ಅದರಲ್ಲಿ ಕಟ್ಟಡ ಇರುವುದು ಎಷ್ಟು, ಬಯಲು ಎಷ್ಟು? ಮನೆ ಕಟ್ಟಿದ ವರ್ಷ ಸರಿಯಾಗಿದೆಯೇ? ಮೂವತ್ತು ವರ್ಷದ ಹಳೆಯ ಮನೆಯನ್ನು ಹೊಸದೆಂದು ಬರೆದರೆ ಸವಕಳಿಯ ಲಾಭ ಕೈತಪ್ಪುತ್ತದೆ. ಮೇಲ್ಛಾವಣಿ ಆರ್‌ಸಿಸಿಯೋ, ಹೆಂಚೋ, ಶೀಟೋ? ಉಪಯೋಗ ವಾಸಕ್ಕೋ, ವ್ಯಾಪಾರಕ್ಕೋ? ಮುಂದಿನ ಕೋಣೆಯಲ್ಲಿ ಅಂಗಡಿ ಇದ್ದರೆ ಆ ಭಾಗಕ್ಕೆ ವಾಣಿಜ್ಯ ದರ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ವಹಿಯಲ್ಲಿ ಅದು ಅಂಗಡಿಯಾಗಿಯೇ ಉಳಿದಿದ್ದರೆ ನೀವು ಸುಮ್ಮನೆ ಹೆಚ್ಚು ಕಟ್ಟುತ್ತಿದ್ದೀರಿ. ಲಿಖಿತ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಿ. ಮೇಲೆ ಮಹಡಿ ಕಟ್ಟಿ ತಿಳಿಸದೆ ಬಿಡುವುದೂ ಸರಿಯಲ್ಲ. ಮುಂದೆ ಮಾರುವಾಗಲೋ ಸಾಲ ತೆಗೆಯುವಾಗಲೋ ವಹಿಯಲ್ಲಿರುವ ಮನೆಗೂ ನೆಲದ ಮೇಲಿರುವ ಮನೆಗೂ ತಾಳೆಯಾಗುವುದಿಲ್ಲ.

ಖಾಲಿ ನಿವೇಶನಕ್ಕೂ ತೆರಿಗೆಯಿದೆ. ಮಗಳ ಹೆಸರಿಗೆ ಒಂದು ಸೈಟು ಇರಲಿ ಎಂದು ಕೊಂಡು, ಸುತ್ತ ಕಲ್ಲು ನೆಟ್ಟು ಬಂದು ಮರೆತುಬಿಡುವವರು ಬಹಳ. ಹತ್ತು ವರ್ಷದ ಮೇಲೆ ಅಲ್ಲಿ ಮನೆ ಕಟ್ಟಲು ಹೋದಾಗ ಬಾಕಿ ಮತ್ತು ದಂಡ ಒಟ್ಟಿಗೆ ಎದುರಾಗುತ್ತವೆ.

ಉಪಕರಗಳು

ರಸೀದಿಯನ್ನು ಬಿಡಿಸಿ ನೋಡಿದರೆ ತೆರಿಗೆಯ ಕೆಳಗೆ ಇನ್ನೂ ಕೆಲವು ಸಾಲುಗಳಿರುತ್ತವೆ. ಇವು ಉಪಕರಗಳು. ತೆರಿಗೆಯ ಮೇಲೆ ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3. ತೆರಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಆರೋಗ್ಯಕ್ಕೆ 300, ಗ್ರಂಥಾಲಯಕ್ಕೆ 120, ಭಿಕ್ಷುಕರ ಪುನರ್ವಸತಿಗೆ 60. ಒಟ್ಟು 480 ಸೇರಿ 2,480 ಆಯಿತು. ಇದರ ಜೊತೆಗೆ ಕಸ ನಿರ್ವಹಣೆಯಂಥ ಇತರ ಶುಲ್ಕಗಳು ಸೇರುತ್ತವೆ.

ಗ್ರಂಥಾಲಯಕ್ಕೆಂದು ನಾವು ಪ್ರತಿ ವರ್ಷ ಹಣ ಕೊಡುತ್ತಿದ್ದೇವೆ ಎಂಬುದು ಎಷ್ಟು ತಾಯಂದಿರಿಗೆ ಗೊತ್ತು? ಮಕ್ಕಳನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಕಳುಹಿಸಿದರೆ ಅದು ಯಾರ ಉಪಕಾರವೂ ಅಲ್ಲ. ನಮ್ಮ ರಸೀದಿಯಲ್ಲಿ ಅದರ ಲೆಕ್ಕವಿದೆ.

ಏಪ್ರಿಲ್ ಮತ್ತು ಜುಲೈ

ಕಂದಾಯದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಏಪ್ರಿಲ್ ತಿಂಗಳಿನಲ್ಲೇ ಇಡೀ ವರ್ಷದ್ದನ್ನು ಕಟ್ಟಿದರೆ ತೆರಿಗೆಯಲ್ಲಿ ಶೇ. 5 ರಿಯಾಯಿತಿ. ಕೆಲವು ವರ್ಷ ಸರಕಾರ ಈ ಅವಧಿಯನ್ನು ಮುಂದಕ್ಕೆ ಹಾಕುವುದೂ ಇದೆ. ಮೇ, ಜೂನ್ ತಿಂಗಳಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ. 2ರಂತೆ ದಂಡ ಆರಂಭ.

ಶೇ. 2 ಎಂದರೆ ಚಿಕ್ಕದಾಗಿ ಕಾಣುತ್ತದೆ. ಅದೇ 2,000 ರೂಪಾಯಿಯ ಲೆಕ್ಕ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ 100 ರೂಪಾಯಿ ಉಳಿತಾಯ. ಜುಲೈ ದಾಟಿದವರಿಗೆ ತಿಂಗಳಿಗೆ 40 ರೂಪಾಯಿ. ಮಾರ್ಚ್ ವೇಳೆಗೆ ಒಂಬತ್ತು ತಿಂಗಳಿಗೆ 360. ಆ ಒಂದು ವರ್ಷದ ಬಾಕಿಯನ್ನು ಮತ್ತೆ ಎರಡು ವರ್ಷ ಹಾಗೇ ಬಿಟ್ಟರೆ ಒಟ್ಟು 33 ತಿಂಗಳಿಗೆ 1,320 ರೂಪಾಯಿ. ಅಂದರೆ ಮೂರರಲ್ಲಿ ಎರಡು ಪಾಲಿನಷ್ಟು ದಂಡ. ಬ್ಯಾಂಕಿನಲ್ಲಿಟ್ಟ ಯಾವ ಠೇವಣಿಯೂ ವರ್ಷಕ್ಕೆ ಶೇ. 24ರಂತೆ ಬೆಳೆಯುವುದಿಲ್ಲ. ಬಾಕಿ ಮಾತ್ರ ಬೆಳೆಯುತ್ತದೆ. ತಿಂಗಳಿಗೆ ಇನ್ನೂರು ರೂಪಾಯಿಯಂತೆ ಒಂದು ಡಬ್ಬಿಯಲ್ಲಿ ಹಾಕಿಟ್ಟರೂ ಇಷ್ಟು ಕಂದಾಯದ ಮನೆಗೆ ಏಪ್ರಿಲ್‌ನಲ್ಲಿ ಕೈ ಹಿಡಿಯುವುದಿಲ್ಲ.

ಕಟ್ಟುವುದಕ್ಕೆ ಈಗ ಕಚೇರಿಯ ಸಾಲಿನಲ್ಲೇ ನಿಲ್ಲಬೇಕೆಂದಿಲ್ಲ. ಗೊತ್ತುಪಡಿಸಿದ ಬ್ಯಾಂಕುಗಳಲ್ಲಿ ಚಲನ್ ಮೂಲಕವೂ ಆನ್‌ಲೈನಿನಲ್ಲೂ ಕಟ್ಟಬಹುದು. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯಿದೆ. ಆದರೆ ಮನೆಗೆ ಬಂದವರ ಕೈಗೆ, ಪರಿಚಯದವರ ಕೈಗೆ ನಗದು ಕೊಟ್ಟು “ಕಟ್ಟಿಬಿಡಪ್ಪ” ಎನ್ನುವ ಅಭ್ಯಾಸ ಬೇಡ. ಕಟ್ಟಿದ ಮೇಲೆ ರಸೀದಿ ನೋಡಿ. ಆಸ್ತಿಯ ಸಂಖ್ಯೆ, ವರ್ಷ, ಮೊತ್ತ, ಹೆಸರು ಈ ನಾಲ್ಕೂ ಸರಿಯಿದ್ದರೆ ಮಾತ್ರ ಅದು ಕಟ್ಟಿದಂತೆ.

ರಸೀದಿ ಬೇರೆ, ಖಾತೆ ಬೇರೆ, ಹಕ್ಕು ಬೇರೆ

ಹೆಚ್ಚಿನವರು ಎಡವುವುದು ಇಲ್ಲಿ. “ಇಪ್ಪತ್ತು ವರ್ಷದಿಂದ ಕಂದಾಯ ನಾನೇ ಕಟ್ಟುತ್ತಿದ್ದೇನೆ, ಮನೆ ನನ್ನದೇ” ಎಂದು ಒಬ್ಬ ತಮ್ಮ ಹೇಳುತ್ತಾನೆ. “ಖಾತೆ ನನ್ನ ಹೆಸರಲ್ಲಿದೆ, ಇನ್ನು ಯಾರೂ ಕೇಳುವಂತಿಲ್ಲ” ಎಂದು ಒಬ್ಬ ಅಣ್ಣ ಹೇಳುತ್ತಾನೆ. ಎರಡೂ ತಪ್ಪು ತಿಳಿವಳಿಕೆ.

ಮನೆಯ ಹಕ್ಕು ಬರುವುದು ಕ್ರಯಪತ್ರ, ದಾನ, ವಿಭಾಗಪತ್ರ, ವಾರಸುದಾರಿಕೆ ಇಂಥವುಗಳಿಂದ. ಖಾತೆಯೆಂದರೆ ಕಂದಾಯ ಯಾರಿಂದ ವಸೂಲು ಮಾಡಬೇಕೆಂದು ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಂಡ ದಾಖಲೆ. ರಸೀದಿಯೆಂದರೆ ಹಣ ಸಂದಾಯವಾಯಿತೆಂಬ ಚೀಟಿ. ಕಂದಾಯ ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಸಾವರ್ಣಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅನಂತರವೂ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ ಬಂದಿದೆ.

ಹಾಗಾದರೆ ಖಾತೆಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಖಾತೆಯಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ, ಕಟ್ಟಡದ ಪರವಾನಗಿ ಸಿಗುವುದಿಲ್ಲ. 2024ರಿಂದೀಚೆಗೆ ಸರಕಾರ ಆಸ್ತಿಯ ನೋಂದಣಿಗೆ ಇ-ಖಾತೆಯನ್ನು ಕಡ್ಡಾಯ ಮಾಡುತ್ತ ಬಂದಿದೆ. ನಗರಗಳಲ್ಲಿ ಇದು ನಮೂನೆ 3. ಅದರಲ್ಲಿ ಮಾಲೀಕರ ಭಾವಚಿತ್ರ, ಆಸ್ತಿಯ ಅಳತೆ, ಚಕ್ಕುಬಂದಿ ಎಲ್ಲ ಇರುತ್ತವೆ. ಹಳ್ಳಿಗಳಲ್ಲಿ ಇ-ಸ್ವತ್ತು ಮೂಲಕ ಕೊಡುವ ನಮೂನೆ 9 ಮತ್ತು 11. ಹಕ್ಕು ಬೇರೆಯವರದ್ದಾಗಿದ್ದರೂ ಖಾತೆಯಲ್ಲಿ ಹೆಸರಿರುವವರು ಮನೆಯನ್ನು ಮಾರಲು, ಅಡವಿಡಲು ಮುಂದಾದರೆ ತಡೆಯಲು ಕೋರ್ಟಿಗೆ ಓಡಬೇಕಾದವರು ಹಕ್ಕಿರುವವರೇ. ಹಕ್ಕು ಕೈಯಲ್ಲಿದ್ದರೂ ಖಾತೆ ಸರಿಯಿಲ್ಲದಿದ್ದರೆ ಆ ಹಕ್ಕು ಬೀರುವಿನೊಳಗಿನ ಒಡವೆಯಂತೆ, ಬೀಗದ ಕೈ ಇನ್ನೊಬ್ಬರ ಬಳಿ.

ಯಜಮಾನರು ತೀರಿಕೊಂಡ ಮೇಲೆ

ಮನೆಯ ಹಿರಿಯರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದನ್ನು ಜನ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಖಾತೆಯ ನಕಲು, ಮೂಲ ಪತ್ರಗಳ ಪ್ರತಿ ಮತ್ತು ಬಾಕಿಯಿಲ್ಲದ ಕಂದಾಯದ ರಸೀದಿ ಇವು ಮುಖ್ಯ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು.

ಈ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ನಮ್ಮ ಮನೆಗಳಲ್ಲಿ ನಡೆಯುವ ದೊಡ್ಡ ಅನ್ಯಾಯ. “ಅವಳಿಗೆ ಮದುವೆಯಾಗಿದೆ, ಅವಳ ಹೆಸರು ಯಾಕೆ?” ಎಂದು ಕೇಳುವವರಿದ್ದಾರೆ. ಮದುವೆಯಾದ ಮಾತ್ರಕ್ಕೆ ಮಗಳು ಮಗಳಲ್ಲದೆ ಹೋಗುತ್ತಾಳೆಯೇ? 1937ರ ಶರೀಅತ್ ಅನ್ವಯ ಕಾಯ್ದೆಯಂತೆ ಮುಸ್ಲಿಮರ ಮನೆ, ನಿವೇಶನಗಳ ಹಂಚಿಕೆ ಶರೀಅತ್‌ನಂತೆ ನಡೆಯಬೇಕು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಪತ್ನಿ, ಪುತ್ರಿ, ತಾಯಿಯ ಪಾಲುಗಳನ್ನು ಗೊತ್ತುಪಡಿಸಿ ಹೇಳಿದೆ. ಅದನ್ನು ಯಾವ ಗುಮಾಸ್ತನೂ ಯಾವ ಅಣ್ಣನೂ ಅಳಿಸಿಹಾಕುವಂತಿಲ್ಲ.

ಉದಾಹರಣೆಗೆ ಒಬ್ಬರು ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡರೆಂದಿಟ್ಟುಕೊಳ್ಳಿ. ಅವರ ತಂದೆ ತಾಯಿ ಮೊದಲೇ ತೀರಿಕೊಂಡಿದ್ದಾರೆ. ಮನೆಯನ್ನು 32 ಪಾಲು ಮಾಡಿದರೆ ಪತ್ನಿಗೆ ಎಂಟರಲ್ಲಿ ಒಂದರಂತೆ 4 ಪಾಲು, ಮಗನಿಗೆ 14, ಹೆಣ್ಣುಮಕ್ಕಳಿಗೆ ತಲಾ 7. ತಂದೆಯೋ ತಾಯಿಯೋ ಬದುಕಿದ್ದರೆ ಅವರಿಗೂ ತಲಾ ಆರರಲ್ಲಿ ಒಂದು ಪಾಲು ಬರುವುದರಿಂದ ಲೆಕ್ಕ ಬದಲಾಗುತ್ತದೆ. ನಿಮ್ಮ ಮನೆಯ ಲೆಕ್ಕವನ್ನು ಬಲ್ಲ ಉಲಮಾಗಳಿಂದಲೋ ವಕೀಲರಿಂದಲೋ ಬರೆಸಿಟ್ಟುಕೊಳ್ಳಿ.

ಪಾಲು ಮಾಡುವ ಮೊದಲು ತೀರಿಸಬೇಕಾದುವು ಕೆಲವಿವೆ. ಅಂತ್ಯಸಂಸ್ಕಾರದ ಖರ್ಚು, ಸಾಲಗಳು, ಕೊಡದೆ ಉಳಿದ ಮಹ್ರ್, ಮೂರನೇ ಒಂದು ಪಾಲನ್ನು ಮೀರದ ವಸಿಯ್ಯತ್. ಬಾಕಿ ಕಂದಾಯವೂ ಮರ್ಹೂಮರ ಮೇಲಿದ್ದ ಸಾಲವೇ. ಮನೆಯಲ್ಲಿ ಉಳಿದುಕೊಂಡಿದ್ದಾಳೆ ಎಂಬ ಕಾರಣಕ್ಕೆ ಆ ಬಾಕಿಯನ್ನೆಲ್ಲ ವಿಧವೆಯೊಬ್ಬಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದನ್ನು ಮೊದಲು ಒಟ್ಟು ಆಸ್ತಿಯಿಂದ ತೀರಿಸಬೇಕು. ಹಾಗೆಯೇ ಎಲ್ಲರ ಪಾಲಿನ ಮನೆಯ ಕಂದಾಯವನ್ನು ಒಬ್ಬರೇ ಕಟ್ಟುತ್ತ ಬಂದಿದ್ದರೆ ರಸೀದಿ ತೋರಿಸಿ ಉಳಿದವರಿಂದ ಅವರವರ ಪಾಲನ್ನು ಕೇಳಬಹುದು. ಆದರೆ ಕಂದಾಯ ಕಟ್ಟಿದ ನೆಪದಲ್ಲಿ ಮನೆಯನ್ನೇ ಕೇಳುವಂತಿಲ್ಲ.

ಖಾತೆಗೆ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಬರಲಿ. ಒಬ್ಬರ ಹೆಸರಿಗೆ ಮಾಡಿದರೆ ಸುಲಭ ಎಂದು ಕಚೇರಿಯ ಸುತ್ತಮುತ್ತ ಸಲಹೆ ಕೊಡುವವರು ಸಿಗುತ್ತಾರೆ. ಅದಕ್ಕೆ ಅಕ್ಕತಂಗಿಯರಿಂದ ಒಪ್ಪಿಗೆ ಪತ್ರಕ್ಕೋ ಹಕ್ಕು ಬಿಡುಗಡೆ ಪತ್ರಕ್ಕೋ ಸಹಿ ಕೇಳುತ್ತಾರೆ. ಇವೆರಡೂ ಒಂದೇ ಅಲ್ಲ. ಖಾತೆ ಒಬ್ಬರ ಹೆಸರಿಗಾಗಲಿ ಎಂಬ ಒಪ್ಪಿಗೆಯೇ ಬೇರೆ, ನನ್ನ ಪಾಲು ನನಗೆ ಬೇಡ ಎಂದು ನೋಂದಾಯಿಸಿ ಕೊಡುವುದೇ ಬೇರೆ. ಓದದೆ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಸಹೋದರಿ ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಬಿಟ್ಟರೆ ಅದು ಔದಾರ್ಯವಲ್ಲ.

ಗಂಡ ಬದುಕಿರುವಾಗಲೇ

ಪತ್ನಿಯ ಒಡವೆ ಮಾರಿ ಕಟ್ಟಿದ ಮನೆ ಎಷ್ಟೋ ಇವೆ. ಮಹ್ರ್‌ಗೆ ಬದಲಾಗಿ ಮನೆಯನ್ನೇ ಕೊಟ್ಟಿದ್ದೇನೆ ಎಂದು ಬಾಯಿಮಾತಿನಲ್ಲಿ ಹೇಳಿದ ಗಂಡಂದಿರೂ ಇದ್ದಾರೆ. ಆದರೆ ಖಾತೆ ಮಾತ್ರ ಗಂಡನ ಹೆಸರಿನಲ್ಲೇ. ಹೇಳಿದವರು ಹೋದ ಮೇಲೆ ಬಾಯಿಮಾತಿಗೆ ಸಾಕ್ಷಿ ಯಾರು?

ಶರೀಅತ್‌ನಲ್ಲಿ ಹಿಬಾ, ಅಂದರೆ ಬದುಕಿರುವಾಗ ಕೊಡುವ ದಾನ, ಬಾಯಿಮಾತಿನಲ್ಲೂ ಆಗುತ್ತದೆ. ಕೊಡುವವರು ಕೊಟ್ಟೆ ಎನ್ನಬೇಕು, ಪಡೆಯುವವರು ಒಪ್ಪಬೇಕು, ಕಬ್ಜಾ ಕೊಡಬೇಕು. ಈ ಮೂರು ಇದ್ದರೆ ನೋಂದಣಿ ಇಲ್ಲದಿದ್ದರೂ ಹಿಬಾ ಊರ್ಜಿತವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹಫೀಝಾ ಬೀಬಿ ಪ್ರಕರಣದಲ್ಲಿ ಹೇಳಿದೆ. ಆದರೆ ಕಾನೂನಿನಲ್ಲಿ ಊರ್ಜಿತವಾಗುವುದು ಬೇರೆ, ಕಚೇರಿಯಲ್ಲಿ ಕೆಲಸವಾಗುವುದು ಬೇರೆ. ಬಾಯಿಮಾತಿನ ಹಿಬಾ ಹಿಡಿದು ಖಾತೆ ಬದಲಾಯಿಸಲು ಹೋದರೆ ಕಾಗದ ಎಲ್ಲಿ ಎಂದು ಕೇಳುತ್ತಾರೆ. ಹಿಬಾ ಕೊಡುವುದಾದರೆ ಬರಹದಲ್ಲಿ, ಸಾಕ್ಷಿಗಳ ಮುಂದೆ, ಸಾಧ್ಯವಾದರೆ ದಾನಪತ್ರವಾಗಿ ನೋಂದಾಯಿಸಿಯೇ ಕೊಡಲಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟು ಇರುವುದಿಲ್ಲ. ಆಮೇಲೆ ಖಾತೆಯೂ ಬದಲಾಗಿ ಕಂದಾಯವೂ ಪತ್ನಿಯ ಹೆಸರಿನಲ್ಲಿ ಹೋಗುತ್ತಿದ್ದರೆ, ಗಂಡಹೆಂಡತಿ ಒಂದೇ ಮನೆಯಲ್ಲಿದ್ದರೂ ಹಿಬಾ ನಿಜವಾಗಿ ನಡೆದಿದೆ ಎಂಬುದಕ್ಕೆ ಆ ರಸೀದಿಗಳು ಸಾಕ್ಷ್ಯವಾಗಿ ನೆರವಾಗುತ್ತವೆ. ಒಂದು ಮಾತು ಮಾತ್ರ ನೆನಪಿರಲಿ. ಒಬ್ಬರನ್ನು ವಂಚಿಸಲೆಂದು ಇನ್ನೊಬ್ಬರಿಗೆ ಕೊಡುವ ಹಿಬಾ ಕಾಗದದಲ್ಲಿ ಸರಿಯಿದ್ದರೂ ಧರ್ಮದ ತಕ್ಕಡಿಯಲ್ಲಿ ತೂಗುವುದಿಲ್ಲ.

ರೆವಿನ್ಯೂ ಸೈಟಿನ ಮನೆಗಳು

ನಗರದಂಚಿನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಹೊಲದ ಸರ್ವೆ ನಂಬರಿನಲ್ಲಿ ಸೈಟು ಕೊಂಡವರು ಬಹಳ. ಭೂಪರಿವರ್ತನೆ ಆಗಿಲ್ಲ, ಬಡಾವಣೆಗೆ ಒಪ್ಪಿಗೆಯಿಲ್ಲ, ಹಾಗಾಗಿ ಖಾತೆಯೂ ಇಲ್ಲ. ಇಂಥ ಆಸ್ತಿಗಳನ್ನೂ ತೆರಿಗೆಯ ವ್ಯಾಪ್ತಿಗೆ ತರಲು ರಾಜ್ಯ ಸರಕಾರ ಕಾನೂನು ತಿದ್ದಿ, 2025ರ ಫೆಬ್ರುವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತೆ ಕೊಡುವ ಅಭಿಯಾನ ಆರಂಭಿಸಿತು.

ಬಿ-ಖಾತೆ ಸಿಕ್ಕಿದರೆ ನಿಮ್ಮ ಮನೆ ಲೆಕ್ಕಕ್ಕೆ ಬಂತು ಎಂದರ್ಥ, ಸಕ್ರಮವಾಯಿತು ಎಂದರ್ಥವಲ್ಲ. ತೆರಿಗೆ ತೆಗೆದುಕೊಂಡ ಮಾತ್ರಕ್ಕೆ ಅನಧಿಕೃತ ಕಟ್ಟಡ ಅಧಿಕೃತವಾಗುವುದಿಲ್ಲ. ಆದರೂ ಇರುವ ಅವಕಾಶವನ್ನು ಬಿಡುವುದು ಜಾಣತನವಲ್ಲ. ಹೊಸದಾಗಿ ಸೈಟು ಕೊಳ್ಳುವವರಿಗೆ ಮಾತ್ರ ಒಂದು ಎಚ್ಚರಿಕೆ: “ಕಂದಾಯ ಕಟ್ಟಿದ ರಸೀದಿ ಇದೆ” ಎಂಬ ದಲ್ಲಾಳಿಯ ಮಾತು ನಂಬಿ ಹಣ ಕೊಡಬೇಡಿ. ಮೂಲ ಪತ್ರ, ಭೂಪರಿವರ್ತನೆಯ ಆದೇಶ, ಬಡಾವಣೆಯ ಒಪ್ಪಿಗೆ, ಋಣಭಾರ ಪತ್ರ, ಹಳೆಯ ಬಾಕಿ ಎಲ್ಲವನ್ನೂ ನೋಡಿದ ಮೇಲೆ ಮುಂದಿನ ಮಾತು. ಬಾಕಿ ಕಂದಾಯ ಆಸ್ತಿಯ ಜೊತೆಗೇ ಬರುತ್ತದೆ, ಮಾರಿದವರ ಜೊತೆ ಹೋಗುವುದಿಲ್ಲ.

ತಪ್ಪಿದ್ದರೆ ಏನು ಮಾಡಬೇಕು?

ಅಳತೆ, ಹೆಸರು, ಮೊತ್ತ ಏನೇ ತಪ್ಪಿದ್ದರೂ ಬಾಯಿಮಾತಿನ ಜಗಳದಿಂದ ಪ್ರಯೋಜನವಿಲ್ಲ. ಪಾಲಿಕೆಯಾದರೆ ಆಯುಕ್ತರಿಗೆ, ಪುರಸಭೆ ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ, ಗ್ರಾಮ ಪಂಚಾಯಿತಿಯಾದರೆ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಖಾತೆಯ ಸೇವೆಗಳು ಸಕಾಲ ಯೋಜನೆಯಲ್ಲಿ ಬರುತ್ತವೆ. ಅರ್ಜಿಗೆ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಅವಧಿ ಮೀರಿದರೆ ಮೇಲ್ಮನವಿಗೆ ದಾರಿಯಿದೆ. ವಹಿಯಲ್ಲಿ ಏನು ಬರೆದಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆಯೂ ಇದೆ.

ಮಸೀದಿ, ಖಬರಸ್ತಾನಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಎಲ್ಲ ಧರ್ಮಗಳ ಸಾರ್ವಜನಿಕ ಆರಾಧನಾ ಸ್ಥಳಗಳಿಗೂ ದಫನ, ದಹನದ ಭೂಮಿಗೂ ಕಾನೂನು ವಿನಾಯಿತಿ ಕೊಟ್ಟಿದೆ. ಆದರೆ ಆರಾಧನೆಗಲ್ಲದೆ ಬಾಡಿಗೆಗೆ ಕೊಟ್ಟ ಮಳಿಗೆಗಳಿಗೆ ಆ ವಿನಾಯಿತಿ ಸಿಗುತ್ತದೆಂದು ಜಮಾಅತಿನವರು ಎಣಿಸಬಾರದು.

ಈ ವಾರವೇ ಮಾಡಬಹುದಾದ ಕೆಲಸ

1. ಬೀರುವಿನಿಂದ ಮನೆಯ ಕಾಗದಗಳನ್ನು ಹೊರಗೆ ತೆಗೆಯಿರಿ. ಖಾತೆ ಯಾರ ಹೆಸರಿನಲ್ಲಿದೆ ಎಂದು ಓದಿ. ತೀರಿಹೋದವರ ಹೆಸರಿನಲ್ಲಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ.

2. ಕೊನೆಯ ರಸೀದಿ ಯಾವ ವರ್ಷದ್ದು ನೋಡಿ. ಬಾಕಿಯಿದ್ದರೆ ಎಷ್ಟೆಂದು ಕೇಳಿ ತಿಳಿಯಿರಿ.

3. ಖಾತೆಯ ಅಳತೆ, ಚಕ್ಕುಬಂದಿಗಳನ್ನು ಕ್ರಯಪತ್ರದ ಜೊತೆ ತಾಳೆ ನೋಡಿ.

4. ಆಸ್ತಿಯ ಸಂಖ್ಯೆಯನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ. ರಸೀದಿಗಳನ್ನು ವರ್ಷಾನುಸಾರ ಒಂದೇ ಕಡತದಲ್ಲಿ ಇಡಿ. ಆನ್‌ಲೈನಿನಲ್ಲಿ ಕಟ್ಟಿದ್ದರೂ ಒಂದು ಮುದ್ರಿತ ಪ್ರತಿ ಇರಲಿ.

5. ಮಕ್ಕಳು ದೊಡ್ಡವರಾಗಿದ್ದರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಟ್ಟಿಗೆ ಕೂರಿಸಿ ತೋರಿಸಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಕಲಿಸಿದ ಧರ್ಮ ನಮ್ಮದು. ಮನೆಯೆಂಬ ಇಷ್ಟು ದೊಡ್ಡ ವ್ಯವಹಾರವನ್ನು ನಾವು ಬಾಯಿಮಾತಿಗೆ, ನಂಬಿಕೆಗೆ ಬಿಟ್ಟಿದ್ದೇವೆ. ತಂದೆಯ ಕೈಯಿಂದ ಕಾಗದ ನೋಡಿದ ಮಗನಿಗೆ ನಾಳೆ ಅಕ್ಕನ ಹೆಸರು ಬಿಟ್ಟುಬಿಡಲು ಮನಸ್ಸಾಗದು. ಕಾಗದ ಓದಲು ಕಲಿತ ಮಗಳಿಗೆ ನಾಳೆ ಕಚೇರಿಯ ಕಿಟಕಿಯಲ್ಲಿ ನಿಂತು “ಇರಬೇಕು ಸಾರ್” ಎನ್ನುವ ಪ್ರಮೇಯ ಬಾರದು.